ಗಡಿಯಾರ ನೋಡದೆ ಬರೆದ ಸಮಯ

ಜೀರ್ಣಾಂಗದ ಕ್ಯಾನ್ಸರನ್ನು ರಕ್ತದ ಪ್ರೋಟೀನುಗಳಿಂದ ಮೊದಲೇ ಪತ್ತೆ ಹಚ್ಚುವ ತಪಾಸಣೆ ನಮ್ಮ ಲ್ಯಾಬಿನಲ್ಲಿ ನಡೆಯುತ್ತಿತ್ತು. ನನ್ನ ಕೆಲಸ ಸರಳ. ರಕ್ತದ ಟ್ಯೂಬನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿಯನ್ನು ರಕ್ತ ತೆಗೆದ ಎರಡು ಗಂಟೆಯೊಳಗೆ ಫ್ರೀಜರಿಗೆ ಹಾಕಬೇಕು, ಹಾಕಿದ ಸಮಯ ಬರೆಯಬೇಕು. ತಡವಾದರೆ ಪ್ರೋಟೀನು ಕೆಡುತ್ತದೆ, ಅಂಕಿ ಇಳಿಯುತ್ತದೆ, ರೋಗವಿದ್ದವರೂ ಆರೋಗ್ಯವಂತರಂತೆ ಕಾಣುತ್ತಾರೆ. ನಾವು ಆ ಸಮಯವನ್ನು ಬೆಳಿಗ್ಗೆಯೇ ಬರೆದಿಡುತ್ತಿದ್ದೆವು. ಅನುಮಾನ ಬರದಿರಲೆಂದು ಒಂದಕ್ಕೆ ೧೧.೨೩, ಇನ್ನೊಂದಕ್ಕೆ ೧೧.೩೧. ನನಗೆ ಕಲಿಸಿದ್ದು ಸೀನಿಯರ್. ನಾನು ಇನ್ನಿಬ್ಬರಿಗೆ ಕಲಿಸಿದ್ದೆ.

ಸೋದರಮಾವನನ್ನು ತಪಾಸಣೆಗೆ ಎಳೆದು ತಂದವನು ನಾನೇ. ಮಾವ ದರ್ಜಿ. ಆರು ತಿಂಗಳಿಂದ ಹೊಟ್ಟೆಯುರಿ. ತಮ್ಮ ಪ್ಯಾಂಟುಗಳ ಸೊಂಟವನ್ನು ಎರಡು ಸಲ ತಾವೇ ಒಳಗೆ ಹಿಡಿದು ಹೊಲಿದುಕೊಂಡಿದ್ದರು. ಡಾಕ್ಟರು ಎಂಡೋಸ್ಕೋಪಿಗೆ ದಿನ ಕೊಟ್ಟಿದ್ದರು. ಗಂಟಲಿಗೆ ಪೈಪು ಎಂದರೆ ಮಾವನಿಗೆ ಜೀವ ಹೋದಂತೆ.

ಮಾವ ರಕ್ತ ಕೊಟ್ಟ ದಿನ, ಅವರದ್ದೂ ಸೇರಿ ಹದಿನೆಂಟು ಟ್ಯೂಬುಗಳನ್ನು ಕಿಟಕಿಯ ಪಕ್ಕದಲ್ಲಿಟ್ಟು ಕ್ಯಾಂಟೀನಿಗೆ ಹೋದೆ. ಸೀನಿಯರ್‌ಗೆ ಬಡ್ತಿ ಸಿಕ್ಕಿತ್ತು, ಹರಟೆ ಬೆಳೆಯಿತು. ಬಂದಾಗ ಮೂರೂಕಾಲು. ಟ್ಯೂಬುಗಳ ಮೇಲೆ ನೇರ ಬಿಸಿಲು. ರಿಜಿಸ್ಟರಿನ ಪ್ರಕಾರ ಅವು ಫ್ರೀಜರಿಗೆ ಹೋಗಿ ಹೆಚ್ಚುಕಡಿಮೆ ನಾಲ್ಕು ಗಂಟೆಯಾಗಿತ್ತು. ತೆಪ್ಪಗೆ ತಿರುಗಿಸಿ ಒಳಗೆ ಹಾಕಿದೆ.

ಮಾವನ ವರದಿ ಬಂತು: ಮಿತಿಯೊಳಗಿದೆ.

ಒಂದು ವಾರ ಅವರ ಕಡೆ ತಲೆ ಹಾಕಲಿಲ್ಲ. ಭಾನುವಾರ ಅಂಗಡಿಗೆ ಹೋದೆ.

"ಬಾರಪ್ಪಾ ವಿಜ್ಞಾನಿ!" ಎಂದರು ಮಾವ. "ಆ ಪೈಪಿನವರಿಗೆ ಫೋನ್ ಮಾಡಿ ಬರಲ್ಲ ಅಂದ್ಬಿಟ್ಟೆ."

ಗುಂಡಿ ಹಾಕುತ್ತಿದ್ದ ಅತ್ತೆ ತಲೆಯೆತ್ತಿದರು. "ನೀನು ನನ್ನ ಹೊಟ್ಟೆ ತಣ್ಣಗೆ ಮಾಡ್ದೆ ಕಣೋ."

"ಉರಿ ನಂದು, ತಣ್ಣಗಾಗಿದ್ದು ಇವಳದ್ದು ನೋಡು!"

ಇಬ್ಬರೂ ನಕ್ಕರು. ಮಾವನ ಕೆನ್ನೆಯ ಮೂಳೆ ಇನ್ನಷ್ಟು ಮೇಲೆದ್ದಿತ್ತು.

"ಮಾವ, ಆ ಎಂಡೋಸ್ಕೋಪಿ ಮಾಡಿಸಿಬಿಡಿ."

"ಯಾಕೆ? ರಿಪೋರ್ಟ್ ಚೆನ್ನಾಗಿದೆಯಲ್ಲ?"

"ಮೆಷೀನಲ್ಲಿ ಏನೋ ತೊಂದರೆ ಇತ್ತಂತೆ."

"ಯಾವನೋ ದರಿದ್ರದವನು ಸರಿಯಾಗಿ ನೋಡ್ಕೊಂಡಿಲ್ಲ," ಎಂದರು ಅತ್ತೆ. "ಅವನ ಕೈಗೆ ಹುಳ ಬೀಳ."

"ನಾನೇ ಅತ್ತೆ ಅದು."

ಎಲ್ಲ ಹೇಳಿದೆ. ಕ್ಯಾಂಟೀನು, ಬಿಸಿಲು, ಮೊದಲೇ ಬರೆದಿಟ್ಟ ಸುಳ್ಳು ಸಮಯ. ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಮಾವ ಅರ್ಧ ಕತ್ತರಿಸಿದ್ದ ಬಟ್ಟೆಯನ್ನು ಸುಮ್ಮನೆ ಸವರುತ್ತಿದ್ದರು.

"ಸರಿ ಬಿಡು. ನಾಳೆ ಹೋಗಿ ಪೈಪು ನುಂಗ್ತೀನಿ."

ಮುಗಿಯಿತು ಎಂದುಕೊಂಡು ಎದ್ದೆ.

"ಕೂತ್ಕೊ," ಎಂದರು ಮಾವ. "ಆವತ್ತು ನನ್ನ ಪಕ್ಕ ಒಬ್ಬಳು ಹೆಂಗಸು ಕೂತಿದ್ಲು. ಅವಳು ರಕ್ತ ಕೊಡೋವಾಗ ಅವಳ ಮಗೂನ ನಾನೇ ಎತ್ಕೊಂಡಿದ್ದೆ. ಅವಳಿಗೆ ಹೇಳಿದ್ಯಾ?"

ಇನ್ನೂ ಹದಿನೇಳು ಜನ. ವಾರವಿಡೀ ನನ್ನ ತಲೆಯಲ್ಲಿದ್ದದ್ದು ಒಂದೇ ಟ್ಯೂಬು.

"ಇಲ್ಲ."

"ಹೇಳ್ಬೇಕು ಅಂತಾದ್ರೂ ಇತ್ತಾ?"

ಸುಳ್ಳು ಹೇಳಹೊರಟವನು ಇಲ್ಲವೆಂದು ತಲೆಯಾಡಿಸಿದೆ.

"ನಿಮ್ಮ ದೊಡ್ಡ ಡಾಕ್ಟರಿಗೆ ಫೋನ್ ಮಾಡು. ಇಲ್ಲೇ, ನನ್ನೆದುರಿಗೇ."

"ಕೆಲಸ ಹೋಗುತ್ತೆ ಮಾವ."

"ಹೋಗ್ಲಿ."

ದೊಡ್ಡ ಡಾಕ್ಟರು ಎರಡನೇ ರಿಂಗಿಗೇ ಎತ್ತಿದರು. "ಏನಪ್ಪಾ, ಭಾನುವಾರವೂ ಲ್ಯಾಬಿನ ಚಿಂತೆನಾ? ನಿನ್ನಂಥವರು ಇನ್ನಿಬ್ಬರಿದ್ರೆ ಸಾಕಿತ್ತು ನನಗೆ," ಎಂದು ನಕ್ಕರು.

ಆ ನಗು ನಿಲ್ಲುವವರೆಗೆ ಕಾದು, ಹೇಳಲು ಶುರುಮಾಡಿದೆ.