ಕಮಲ ಹಿಡಿದ ಕೈ

"ಪರದೆ ಬರಿಯೋ ಕೈ ಇದನ್ನ ಬರದೈತಂತ!" ಪಂಢರಿನಾಥನ ವಕೀಲರು ನ್ಯಾಯಾಧೀಶರತ್ತ ತಿರುಗಿ ನಕ್ಕರು. "ನಾಟಕದವ್ರಿಗೆ ಕಾಡು, ಅರಮನಿ ಬರಕೊಡಾಂವ ಇಂವ. ನಾಳೆ ತಾಜಮಹಲನೂ ನಾನ ಕಟ್ಟೇನಿ ಅಂದಾನ್ರಿ, ಸಾಹೇಬ್ರ."

ಧಾರವಾಡದ ಕೋರ್ಟಿನಲ್ಲಿ ನಗು ಹಬ್ಬಿತು. ಕಟಕಟೆಯಲ್ಲಿ ನಿಂತ ಇಮಾಮಹುಸೇನ ಎದುರಿಗೆ ಮೇಜಿನ ಮೇಲೆ ಒರಗಿಸಿಟ್ಟ ಲಕ್ಷ್ಮಿಯ ಚಿತ್ರವನ್ನೇ ನೋಡುತ್ತಿದ್ದ. ಕೆಳಗಿನ ಮೂಲೆಯಲ್ಲಿ ಮುಂಬಯಿಯ ಒಬ್ಬ ದೊಡ್ಡ ಚಿತ್ರಕಾರನ ಸಹಿ ಇತ್ತು; ಆತ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಸಹಿಯ ಬಲದಿಂದಲೇ ದಲಾಲ ಪಂಢರಿನಾಥ ಚಿತ್ರವನ್ನು ಹುಬ್ಬಳ್ಳಿಯ ಅರಳೆ ವ್ಯಾಪಾರಿ ಗುರುಶಿದ್ದಪ್ಪನಿಗೆ ಮಾರಿದ್ದ. ಹೋದ ವರ್ಷ ಚೌಕಟ್ಟು ಬಿಗಿ ಮಾಡಲು ಗುರುಶಿದ್ದಪ್ಪನ ಮನೆಗೆ ಹೋದ ಇಮಾಮಹುಸೇನ ಗೋಡೆಯ ಮುಂದೆ ನಿಂತುಬಿಟ್ಟಿದ್ದ. ಆರು ವರ್ಷದ ಹಿಂದೆ, ನಾಟಕ ಕಂಪನಿಯ ಕಚೇರಿಗೆ ಬೇಕೆಂದು ಪಂಢರಿನಾಥ ತನ್ನಿಂದಲೇ ಬರೆಸಿಕೊಂಡಿದ್ದ ಚಿತ್ರ ಅದು. ಹಾಗೆಂದು ಆತ ಬಾಯಿ ಬಿಟ್ಟಿದ್ದರಿಂದಲೇ ಗುರುಶಿದ್ದಪ್ಪ ಪಂಢರಿನಾಥನ ಮೇಲೆ ದಾವೆ ಹೂಡಿ, ಆತನನ್ನು ಸಾಕ್ಷಿಗೆ ಕರೆಸಿದ್ದ.

"ನೀನ ಬರದೀ ಅನ್ನಾಕ ಪುರಾವೆ ಏನೈತಿ?" ನ್ಯಾಯಾಧೀಶರು ಕೇಳಿದರು. "ಪ್ರಮಾಣ ಮಾಡಿ ಸುಳ್ಳು ಹೇಳಿದ್ರ ಜೈಲು."

"ಗೊತ್ತೈತ್ರಿ. ಮುಂಬಯಿ ಸಾಲ್ಯಾಗ ಕಲತವ್ರು ಅರಿವಿಗೆ ಮೊದಲ ಎಣ್ಣಿ ಬಣ್ಣದ ಅಸ್ತರ ಕೊಡ್ತಾರ್ರಿ. ನಾವು ಪರದೆ ಮಂದಿ, ಹುಣಸಿ ಬೀಜ ಕುದಿಸಿದ ಅಂಟು, ಸರಿ ಅಂತೇವಿ, ಅದನ್ನ ಬಳೀತೇವಿ. ನನಗ ಅದೊಂದ ಗೊತ್ತಿತ್ತು. ಹಿಂದಿನಿಂದ ಒದ್ದಿ ಅರಿವಿ ಒತ್ತಿ ಹಿಡದ್ರ ಸರಿ ಉಬ್ಬತೈತಿ, ಬಣ್ಣ ತೊಗಟಿ ಹಂಗ ಏಳತೈತಿ. ಕೆಳಗಿನ ಅಂಚಿನಾಗ ನೋಡೂಣ್ರಿ."

"ಅಂಚು ಬ್ಯಾಡ್ರಿ," ವಕೀಲರು ತಟ್ಟನೆ ಎದ್ದರು. "ಹೋದ ವರ್ಷ ಚೌಕಟ್ಟು ಬಿಗಿ ಮಾಡುವಾಗ ಅಂಚಿಗೆ ಇವನ ಸರಿ ಹಚ್ಚಿರಬೇಕು. ನಡುವ ನೋಡ್ರಿ."

ನ್ಯಾಯಾಧೀಶರು ಎದ್ದು ಬಂದು, ಕನ್ನಡಕ ಸರಿಪಡಿಸಿಕೊಂಡು, ಪೆನ್ಸಿಲಿನ ತುದಿಯಿಂದ ತೋರಿಸಿದರು. "ಇಲ್ಲಿ."

ಅಲ್ಲಿ ಇದ್ದದ್ದು ಕಮಲ ಹಿಡಿದ ಕೈ.

ಲಕ್ಷ್ಮಿಯ ಮುಖ ಇಮಾಮಹುಸೇನನ ಕಲ್ಪನೆ. ಕೈ ಮಾತ್ರ ಹೆಂಡತಿ ಗುಲ್ಜಾರಬಿಯದು. ಕಮಲ ಎಲ್ಲಿಂದ ಬರಬೇಕು? ಕಿಟಕಿಯ ಬೆಳಕಿನಲ್ಲಿ ಬದನೆಕಾಯಿ ಹಿಡಿದು ಕೂತಿದ್ದಳು. "ಲಗೂ ಮುಗಸ್ರಿ, ಇದನ್ನ ಪಲ್ಯಾ ಮಾಡೂದೈತಿ," ಎಂದು ನಗುತ್ತ ಅಲುಗಾಡುತ್ತಿದ್ದಳು. ಚಿಕ್ಕಂದಿನಲ್ಲಿ ಸುಟ್ಟು ಸೊಟ್ಟಾದ ಕಿರುಬೆರಳು, ಉಗುರಿನ ಮಾಸಿದ ಮದರಂಗಿ, ಎರಡನ್ನೂ ಆತ ಇದ್ದಂತೆಯೇ ಬರೆದಿದ್ದ. ಮರುವರ್ಷ ಅವಳು ಜ್ವರದಲ್ಲಿ ಹೋದಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ.

"ಹಿಂದಿನ ಮೋಡದಾಗ ನೋಡ್ರಲ್ಲ, ಸಾಹೇಬ್ರ," ಎಂದ ಇಮಾಮಹುಸೇನ.

"ಮೋಡ ಅಂಚಿನ ತನಕಾ ಹೋಗೇತಿ," ಎಂದರು ವಕೀಲರು. "ಯಾಕ ಮಾಸ್ತರ, ಎದಿ ಹೊಡಕೊಳ್ಳಾಕತ್ತೇತೇನು?"

ನ್ಯಾಯಾಧೀಶರ ದನಿ ಮೆತ್ತಗಾಯಿತು. "ನೋಡು, ತಪ್ಪು ತಿಳಕೊಂಡಿದ್ದೆ ಅಂತ ಹೇಳು. ಚಿತ್ರಕ್ಕೂ ಧಕ್ಕಿ ಇಲ್ಲ, ನಿನಗೂ ಇಲ್ಲ. ಮನಿಗೆ ಹೋಗಬಹುದು."

ಬೆಂಚಿನ ಮೇಲಿದ್ದ ಪಂಢರಿನಾಥ ಹೂಂ ಅನ್ನು ಎಂಬಂತೆ ತಲೆ ಆಡಿಸಿದ. ಇಮಾಮಹುಸೇನ ಆ ಸಹಿಯನ್ನು ನೋಡಿದ, ಕೈಯನ್ನು ನೋಡಿದ.

"ಒಂದು ತಂಬಿಗಿ ನೀರು ತರಸ್ರಿ," ಎಂದ.

ಕಟಕಟೆಯಿಂದ ಇಳಿದು ಚಿತ್ರವನ್ನು ತಿರುಗಿಸಿ, ಮೇಲಿನಿಂದ ಎರಡು ಗೇಣು, ಎಡದಿಂದ ಒಂದೂವರೆ ಗೇಣು ಅಳೆದ. ಹೆಗಲ ಮೇಲಿನ ವಸ್ತ್ರವನ್ನು ನೀರಿನಲ್ಲಿ ಅದ್ದಿ, ಹಿಂಡಿ, ಅಂಗೈಯಿಂದ ಒತ್ತಿ ಹಿಡಿದ. ಜ್ವರ ಬಂದಾಗ ಅವಳ ಹಣೆಗೂ ಹೀಗೆಯೇ ಹಿಡಿದಿದ್ದ. ಗೋಡೆಯ ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯಿತು. ಜವಾನ ಚಿತ್ರವನ್ನು ಮತ್ತೆ ಮುಂದಕ್ಕೆ ತಿರುಗಿಸಿದ.

ಕೈ ಹಾಗೆಯೇ ಇತ್ತು.

"ನೋಡ್ರಿ, ನೋಡ್ರಿ!" ವಕೀಲರು ಎರಡೂ ಕೈ ಎತ್ತಿದರು.

ಅಷ್ಟರಲ್ಲಿ ಕಿರುಬೆರಳಿನ ಬದಿಗೆ ಕೂದಲೆಳೆಯಂಥ ಬಿರುಕು ಕಾಣಿಸಿತು. ಮಣಿಕಟ್ಟು ಗುಳ್ಳೆಯಂತೆ ಉಬ್ಬಿತು. ಬಣ್ಣ ಚೂರುಚೂರಾಗಿ ಎದ್ದು ಮೇಜಿನ ಮೇಲೆ ಉದುರತೊಡಗಿತು. ಇಮಾಮಹುಸೇನ ಅರಿವಿಲ್ಲದೆ ಅಂಗೈ ಒಡ್ಡಿದ. ಕಮಲದ ದಂಟನ್ನು ಈಗ ಯಾರೂ ಹಿಡಿದಿರಲಿಲ್ಲ.

"ಖೋಟಾ!" ಗುರುಶಿದ್ದಪ್ಪ ಎದ್ದು ನಿಂತು ಕೂಗಿದ. "ನಾ ಹೇಳಿದ್ದಿಲ್ಲೇನ್ರಿ, ಖೋಟಾ ಮಾಲು!"

ಪಂಢರಿನಾಥ ರುಮಾಲು ತೆಗೆದು ಮುಖ ಒರೆಸಿಕೊಂಡ. ವಕೀಲರು ಕಾಗದ ಜೋಡಿಸಿಕೊಳ್ಳತೊಡಗಿದರು. ಕಾರಕೂನ ಬರೆದುಕೊಂಡ ಹೇಳಿಕೆಯನ್ನು ಮೇಜಿನ ಮೇಲಿಟ್ಟು, ಮಸಿಯ ಡಬ್ಬಿಯನ್ನು ಮುಂದೆ ಸರಿಸಿದ.

"ಹೆಬ್ಬಟ್ಟು ಒತ್ತು."

"ಸಹಿ ಬರ್ತೈತ್ರಿ," ಎಂದ ಇಮಾಮಹುಸೇನ.

ಒದ್ದೆ ಹೆಬ್ಬೆರಳಿಗೆ ಬಣ್ಣದ ಒಂದು ಚೂರು ಅಂಟಿತ್ತು, ಮದರಂಗಿ ಮಾಸಿದ ಸಣ್ಣ ಉಗುರು. ಆತ ಲೇಖನಿಯನ್ನು ಎರಡೇ ಬೆರಳುಗಳ ನಡುವೆ ಸಿಕ್ಕಿಸಿಕೊಂಡ. ಹೆಬ್ಬೆರಳನ್ನು ಯಾವುದಕ್ಕೂ ತಾಗದಂತೆ ಎತ್ತಿ ಹಿಡಿದು, ಅಕ್ಷರ ಅಕ್ಷರವಾಗಿ ತನ್ನ ಹೆಸರು ಬರೆದ.