ಇಸ್ತ್ರಿ ಅಂಗಡಿಯ ಡುಮ್ಮ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಆ ವಾರ ನಾಯಿಯ ಮೇಲೆ ಕೈ ಎತ್ತಲಿಲ್ಲ. ಹೊಡೆದರೆ ಅದು ಹೆದರುತ್ತದೆ, ಕಲಿಯುವುದಿಲ್ಲ. ಸೊಂಟದ ಮೂಳೆ ಮುರಿದು ಆಸ್ಪತ್ರೆ ಸೇರಿದ್ದ ಅತ್ತೆ ಭಾನುವಾರ ಮನೆಗೆ ಬರುವವರಿದ್ದರು. ನಮ್ಮ ಡುಮ್ಮನೋ, ಯಾರು ಬಾಗಿಲಿಗೆ ಬಂದರೂ ಮುಂಗಾಲೆತ್ತಿ ಎದೆಗೇ ಹಾರುವವನು.

"ಅಮ್ಮ ವಾಕರ್ ಹಿಡ್ಕೊಂಡು ಬರ್ತಾರೆ. ಇವನು ಹಾರಿದ್ರೆ ಮತ್ತೆ ಆಸ್ಪತ್ರೆನೇ," ಎಂದರು ನನ್ನ ಗಂಡ. "ಭಾನುವಾರ ನಿಮ್ಮಣ್ಣ ಬಂದು ಇವನನ್ನ ಕರ್ಕೊಂಡು ಹೋಗ್ಲಿ. ಹೇಳಿಬಿಟ್ಟಿದ್ದೀನಿ."

"ಅಷ್ಟರಲ್ಲಿ ಕಲಿತ್ರೆ?"

"ನಾಯಿ ಬಾಲ ಯಾವತ್ತಿದ್ರೂ ಡೊಂಕೇ."

ಮನೆಯ ಮುಂದಿನ ಕೋಣೆಯೇ ನಮ್ಮ ಇಸ್ತ್ರಿ ಅಂಗಡಿ. ನಾನು ಇಸ್ತ್ರಿ ಮಾಡುತ್ತೇನೆ, ಅವರು ಮಡಚುತ್ತಾರೆ. ಬೇಯಿಸಿದ ಕೋಳಿಯ ಚೂರುಗಳ ಬಟ್ಟಲನ್ನು ಮೇಜಿನ ತುದಿಗಿಟ್ಟುಕೊಂಡು ಕೆಲಸದ ನಡುವೆಯೇ ಪಾಠ ಶುರು ಮಾಡಿದೆ. "ಕೂತ್ಕೊ" ಎನ್ನುತ್ತಿದ್ದೆ, ಡುಮ್ಮ ಕೂರುತ್ತಿದ್ದ, ಚೂರು ಕೊಡುತ್ತಿದ್ದೆ. ಬುಧವಾರದ ಹೊತ್ತಿಗೆ ಅವನು ಕೂತು, ತಟ್ಟನೆ ಎದ್ದು, ನನ್ನ ಮೇಲೆ ಹಾರಿ, ಆಮೇಲೆ ಬಾಯಿ ತೆರೆಯುವುದನ್ನು ಕಲಿತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತಲ್ಲ ಎಂದು ಅಳುವೇ ಬಂತು.

ಗಂಡ ಶರ್ಟು ಮಡಚುತ್ತ ನೋಡುತ್ತಲೇ ಇದ್ದರು. ಕೊನೆಗೆ ಅವರೇ ಬಾಯಿಬಿಟ್ಟರು.

"ಅವನು ಕೂತಾಗ ನೀನೆಲ್ಲಿ ಕೊಡ್ತೀಯ? ಮೊದ್ಲು ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಡ್ತೀಯ, ಆಮೇಲೆ ಬಟ್ಟಲಿಗೆ ಕೈ ಹಾಕ್ತೀಯ. ಅಷ್ಟೊತ್ತಿಗೆ ಎದ್ದು ಹಾರಿರ್ತಾನೆ. ಹಾರಿದ್ದಕ್ಕೇ ಬಹುಮಾನ ಕೊಟ್ಟಂಗಾಯ್ತು."

ನಾನು ಬೆಪ್ಪಾದೆ. ಬಿಸಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಬಿಟ್ಟು ಕೈ ತೆಗೆಯುವ ಅಭ್ಯಾಸ ನಮ್ಮ ಕಸುಬಿನವರಿಗಿಲ್ಲ. ಅಂದಿನಿಂದ ಚೂರುಗಳು ಏಪ್ರನ್ನಿನ ಎಡಜೇಬಿಗೆ ಬಂದವು. ಬಲಗೈ ಪೆಟ್ಟಿಗೆಯ ಮೇಲೆ, ಎಡಗೈ ಜೇಬಿನಲ್ಲಿ. ಅವನ ಕುಂಡೆ ನೆಲ ಮುಟ್ಟಿದ ಕೂಡಲೇ ಚೂರು ಬಾಯಿಗೆ ಬೀಳುತ್ತಿತ್ತು. ಹಾರಿದರೆ ಬೆನ್ನು ತಿರುಗಿಸುತ್ತಿದ್ದೆ, ಅಷ್ಟೇ. ಆದರೂ ಶನಿವಾರ ಸಂಜೆ ಗಿರಾಕಿಯೊಬ್ಬರ ಮೇಲೆ ಹಾರಿದ. ನನಗೆ ಊಟ ಸೇರಲಿಲ್ಲ.

ಭಾನುವಾರ ಅತ್ತೆ ಹೊಸ್ತಿಲು ದಾಟಿದರು. ನನ್ನ ಎರಡೂ ಕೈ ಅವರ ಆಸರೆಗೆ. ಪಕ್ಕದಲ್ಲೇ ಗಂಡ ಡುಮ್ಮನ ಬೆಲ್ಟು ಬಿಗಿಹಿಡಿದು, ಈಗ ಎಳೆಯುತ್ತಾನೆಂದು ಕಾಲೂರಿ ನಿಂತಿದ್ದರು.

"ಕೂತ್ಕೊ," ಎಂದೆ.

ಡುಮ್ಮ ಕೂತ. ಮೈಯೆಲ್ಲ ಕುಣಿಯುತ್ತಿತ್ತು, ಬಾಲ ನೆಲ ಗುಡಿಸುತ್ತಿತ್ತು, ಆದರೂ ಕೂತ. ಬೆಲ್ಟು ಸಡಿಲವಾಯಿತು. ಚೂರು ಕೊಡಲು ನನ್ನ ಕೈ ಖಾಲಿಯಿಲ್ಲ. ಇನ್ನೇನು ಏಳುತ್ತಾನೆ ಎಂದುಕೊಂಡೆ.

ಗಂಡ ನನ್ನ ಏಪ್ರನ್ನಿನ ಜೇಬಿಗೆ ಕೈ ಹಾಕಿ, ಇದ್ದಷ್ಟನ್ನೂ ಬಾಚಿ ಅವನ ಬಾಯಿಗೆ ಹಿಡಿದರು. ಅತ್ತೆ ಅವನ ಮುಂದೆಯೇ ವಾಕರ್ ಎತ್ತಿಡುತ್ತ ದಾಟಿ ಕುರ್ಚಿ ಸೇರಿದರು.

"ನಿಮ್ಮಣ್ಣನಿಗೆ ಫೋನ್ ಮಾಡು," ಎಂದರು ಗಂಡ, ಕೈ ನೆಕ್ಕಿಸಿಕೊಳ್ಳುತ್ತ. "ಊಟಕ್ಕಾದ್ರೆ ಬರ್ಲಿ. ಕರ್ಕೊಂಡು ಹೋಗೋಕೆ ಬೇಡ."