ಬೆರಳಿಗೆ ಹತ್ತಿದ ಚಳಿ

ಸಂಸ್ಥೆಯ ನೆಲಮಾಳಿಗೆಯಲ್ಲಿ ಒಂದು ಕೋಲ್ಡ್ ರೂಮ್ ಇತ್ತು. ಹೊರಗೆ ಜನ ಬೆವರು ಒರೆಸಿಕೊಳ್ಳುತ್ತಿದ್ದಾಗಲೂ ಅದರೊಳಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಉತ್ತರಧ್ರುವದ ಕಡೆಯ ಹಿಮದಲ್ಲಿ ಕೊರೆದು ತೆಗೆದ ಐಸಿನ ಕಂಬಗಳು ಪೆಟ್ಟಿಗೆಗಳಲ್ಲಿ ಅಲ್ಲಿಗೆ ಬರುತ್ತಿದ್ದವು. ಒಂದೊಂದೂ ತೋಳು ಗಾತ್ರ. ಸಾವಿರಾರು ವರ್ಷ ಪದರದ ಮೇಲೆ ಪದರ ಬಿದ್ದ ಹಿಮ ಅದು. ಯಾವ ವರ್ಷ ಸೆಕೆ ಜಾಸ್ತಿಯಿತ್ತು, ಯಾವಾಗ ಎಲ್ಲಿ ಬೆಂಕಿಬೆಟ್ಟ ಸಿಡಿಯಿತು ಎಲ್ಲ ಅದರ ಹೊಟ್ಟೆಯಲ್ಲೇ ಇರುತ್ತಿತ್ತು. ಅದನ್ನು ಗರಗಸದಲ್ಲಿ ಸೀಳಿ, ಕಾಗದದಷ್ಟು ತೆಳ್ಳಗೆ ಕೆತ್ತಿ, ಬೆಳಕಿಗೆ ಹಿಡಿದು ಓದುವ ಕೆಲಸ ಅವಳದು. ವಿದ್ಯಾರ್ಥಿಗಳು ಅವಳನ್ನು ಐಸಕ್ಕ ಅನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ.

ದಪ್ಪ ಗ್ಲೌಸ್ ಹಾಕಿಕೊಂಡರೆ ಆ ತೆಳು ಹೋಳು ಕೈಗೆ ಸಿಗುವುದಿಲ್ಲ. ಹಾಗಾಗಿ ಬರೀ ಹತ್ತಿಯ ಗ್ಲೌಸಿನಲ್ಲೇ ಕೆಲಸ. ಬೆರಳು ಮರಗಟ್ಟಿದಾಗ ಕಂಕುಳಲ್ಲಿ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುಮಾಡುತ್ತಿದ್ದಳು.

ಐಸ್ ತರುತ್ತಿದ್ದವನು ಅವಳ ಗಂಡ. ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು, ಒಬ್ಬರೇ ಗುರುಗಳ ಕೈಕೆಳಗೆ ಪಿಎಚ್‌ಡಿ ಮಾಡಿದವರು. ಮದುವೆಯಾದ ವರ್ಷವೇ ಉತ್ತರದ ಸಂಶೋಧನಾ ಕೇಂದ್ರದಿಂದ ಕರೆ ಬಂತು. ಸಂಸ್ಥೆಗೆ ಇದ್ದದ್ದು ಒಂದೇ ಸೀಟು. ಆಗಷ್ಟೇ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು.

"ಈ ಸಲ ನಾನು ಹೋಗ್ಬರ್ತೀನಿ, ಮುಂದಿನ ಸಲ ನೀನು," ಅಂದಿದ್ದ ಅವನು.

ಮುಂದಿನ ಸಲ ಅವಳು ಬಸುರಿ. ಅದರ ಮುಂದಿನ ಸಲ ಮಗಳಿಗೆ ಇನ್ನೂ ಹಾಲು ಬಿಡಿಸಿರಲಿಲ್ಲ. ಅಷ್ಟರಲ್ಲಿ ಅಲ್ಲಿಯ ತಂಡಕ್ಕೆ ಅವನ ರೂಢಿಯಾಗಿಹೋಗಿತ್ತು. ಅವನಿಗೆ ಡ್ರಿಲ್ ಹಿಡಿಯಲು ಬರುತ್ತದೆ, ಹಿಮದ ಮೇಲೆ ಗಾಡಿ ಓಡಿಸಲು ಬರುತ್ತದೆ, ಹೊಸಬರನ್ನು ಕಳಿಸಿ ರಗಳೆ ಯಾಕೆ ಅಂತ ನಿರ್ದೇಶಕರೂ ಅಂದುಬಿಟ್ಟರು. ಹೋದವನಿಗೆ ಅನುಭವ, ಅನುಭವ ಇದ್ದವನಿಗೆ ಸೀಟು. ಸಂಶೋಧನೆಯ ಪೇಪರಿನಲ್ಲಿ ಅವನ ಹೆಸರು ಮುಂದೆ, ಇವಳದು ನಡುವೆ ಎಲ್ಲೋ. ಟೀವಿಯವರು ಬಂದಾಗ ಅವನು ಗಡ್ಡದ ಮೇಲೆ ಮಂಜು ಕೂತ ಫೋಟೋ ತೋರಿಸಿ, ಮೈನಸ್ ನಲವತ್ತರ ಚಳಿಯ ಬಗ್ಗೆ ಮಾತಾಡುತ್ತಿದ್ದ. ಅವಳು ಎಲ್ಲರಿಗೂ ಕಾಫಿ ತರಿಸುತ್ತಿದ್ದಳು.

ಹೀಗಿರುವಾಗ ಒಂದು ಹೋಳಿನಲ್ಲಿ ಅವಳಿಗೆ ಕೂದಲೆಳೆಯಂಥ ಬೂದುಗೆರೆ ಕಂಡಿತು. ಬೇರೆಯವರು ಕೊಳೆ ಅಂದುಕೊಂಡು ಬಿಟ್ಟಿದ್ದ ಗೆರೆ. ಅವಳು ಬಿಡಲಿಲ್ಲ. ತಿಂಗಳುಗಟ್ಟಲೆ ಅದರ ಬೆನ್ನು ಹತ್ತಿ, ಅದು ಹಳೆಯದೊಂದು ಬೆಂಕಿಬೆಟ್ಟದ ಬೂದಿ ಅಂತ ತೋರಿಸಿಕೊಟ್ಟಳು. ಅಲ್ಲಿಯವರೆಗೆ ಎಲ್ಲರೂ ಒಪ್ಪಿದ್ದ ವರ್ಷಗಳ ಲೆಕ್ಕವೇ ತಲೆಕೆಳಗಾಯಿತು. ಉತ್ತರದ ತಂಡದ ಮುಖ್ಯಸ್ಥೆ ನೇರವಾಗಿ ನಿರ್ದೇಶಕರಿಗೇ ಫೋನು ಮಾಡಿದಳು. ಮುಂದೆ ಎಲ್ಲಿ ಕೊರೆಯಬೇಕು ಅಂತ ಹೇಳಲು ಆ ಗೆರೆ ನೋಡಿದವರೇ ಬರಬೇಕು, ಬೇರೆ ಯಾರೂ ಬೇಡ ಅಂದಳಂತೆ.

ಮನೆಯಲ್ಲಿ ಮೊದಲು ಮಾತಾಡಿದ್ದು ಅತ್ತೆ. "ಈ ಸಲ ಅವಳು ಹೋಗ್ಲಿ ಕಣೋ. ನಾನೇನು ಓಡಿಹೋಗ್ತೀನಾ? ಅಕಸ್ಮಾತ್ ಸತ್ತರೆ ಹೊರೋದಕ್ಕೆ ನೀನಿದ್ದೀಯಲ್ಲ."

ಅವನು ನಕ್ಕ. "ಹೋಗ್ಲಿ ಅಮ್ಮ, ನಾನೆಲ್ಲಿ ಬೇಡ ಅಂದೆ?"

ಅವಳು ಅಂಗಡಿಗೆ ಹೋಗಿ ಉಣ್ಣೆಯ ಕಾಲುಚೀಲ ತಂದಳು. ಎಷ್ಟು ತಂದಳೆಂದರೆ ಮಗಳು, "ಅಮ್ಮ, ನಿನಗಿರೋದು ಎರಡೇ ಕಾಲು," ಅಂದಳು.

ಹೋಗುವವರಿಗೆಲ್ಲ ಸಂಸ್ಥೆಯ ಡಾಕ್ಟರಮ್ಮನ ತಪಾಸಣೆ ಆಗಬೇಕು. ಎದೆ, ಕಣ್ಣು, ಹಲ್ಲು ಎಲ್ಲ ಸರಿಯಿತ್ತು. ಕೊನೆಗೆ ಡಾಕ್ಟರಮ್ಮ ಒಂದು ಬೋಗುಣಿಯಲ್ಲಿ ತಣ್ಣೀರು ತುಂಬಿ ಎರಡೂ ಕೈ ಮುಳುಗಿಸಿ ಅಂದರು. ತೆಗೆದಾಗ ಬೆರಳುಗಳು ಸುಣ್ಣ ಬಳಿದ ಹಾಗಿದ್ದವು. ಬಣ್ಣ ತಿರುಗಲೇ ಇಲ್ಲ. ಡಾಕ್ಟರಮ್ಮ ಸೂಜಿಯಿಂದ ತುದಿ ಮುಟ್ಟಿದರು. ಅವಳಿಗೆ ತಿಳಿಯಲಿಲ್ಲ.

"ಅಲ್ಲಿಗೆ ಹೋದರೆ ಈ ಬೆರಳು ಉಳಿಯಲ್ಲ," ಅಂದರು. "ನಾನು ಸಹಿ ಹಾಕಕ್ಕಾಗಲ್ಲ."

ಜನ್ಮದಲ್ಲಿ ಒಮ್ಮೆಯೂ ಹಿಮ ತುಳಿಯದವಳಿಗೆ ಹಿಮದ ರೋಗ.

ಡಾಕ್ಟರಮ್ಮ ಅವಳ ಕೈ ಒರೆಸುತ್ತ, "ಹಾಗಾದ್ರೆ ಅದು ನೀವೇನಾ?" ಅಂದರು. "ಎರಡು ವರ್ಷದ ಹಿಂದೆ ನಿಮ್ಮ ಯಜಮಾನ್ರು ಅವರ ತಪಾಸಣೆಗೆ ಬಂದಾಗ ಕೇಳಿದ್ರು. ನಮ್ಮ ಲ್ಯಾಬಲ್ಲಿ ಒಬ್ಬರ ಬೆರಳು ಬೆಳ್ಳಗಾಗತ್ತೆ, ಏನ್ಮಾಡ್ಬೇಕು ಅಂತ. ತಕ್ಷಣ ಆ ಕೋಣೆ ಬಿಡಿಸಿ, ಈಗ ಬಿಟ್ರೆ ಪೂರ್ತಿ ವಾಸಿಯಾಗತ್ತೆ ಅಂದಿದ್ದೆ. ಅವರು ಹೇಳ್ಲಿಲ್ವಾ ನಿಮಗೆ?"

"ಹೇಳಿದ್ರು," ಅಂದಳು ಅವಳು. "ನಾನೇ ಕೇಳ್ಲಿಲ್ಲ."

ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಮೇಲೆ ಅವಳಿಗೆ ಸಿಟ್ಟು ಬಂತು. ಅವನ ಮೇಲಿನದಕ್ಕಿಂತ ತನ್ನ ಮೇಲೇ ಹೆಚ್ಚು. ಅಷ್ಟು ಹೊತ್ತಿನಲ್ಲೂ ಅವನ ಮರ್ಯಾದೆ ಕಾಪಾಡಲು ನಾಲಿಗೆ ಎಷ್ಟು ಬೇಗ ಓಡಿತಲ್ಲ ಅಂತ.

ಸಂಜೆ ಅಡುಗೆಮನೆಯಲ್ಲಿ ಅವನು ಪಾತ್ರೆ ಒರೆಸುತ್ತಿದ್ದ. ಅವಳು ಬಾಗಿಲಲ್ಲೇ ನಿಂತು ಕೇಳಿದಳು.

"ನಿನಗೆ ಗೊತ್ತಿತ್ತಾ?"

ಏನು ಅಂತ ಅವನು ಕೇಳಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದ. "ಹೇಳಬೇಕು ಅಂತಾನೇ ಇದ್ದೆ. ಆಗ ನಡೀತಿದ್ದ ಪೇಪರ್ ಮುಗೀಲಿ ಅಂತ ಕಾದೆ."

"ಪೇಪರ್ ಮುಗೀತಲ್ಲ."

"ಮುಗಿಯೋ ಹೊತ್ತಿಗೆ ಮುಂದಿನ ಐಸ್ ಬಂತು. ನೀನು ಬಿಟ್ರೆ ಅದನ್ನ ಓದೋರು ಯಾರಿದ್ರು ಹೇಳು. ನನಗಂತೂ ಬರಲ್ಲ."

ಅವನು ಸುಳ್ಳು ಹೇಳಿದ್ದರೆ ಕೂಗಾಡಬಹುದಿತ್ತು. ಅವನು ಹೇಳಿದ್ದು ನಿಜ. ಅವಳಿಲ್ಲದೆ ಅವನು ತಂದದ್ದು ಬರೀ ಐಸು, ಶರಬತ್ತಿಗೆ ಹಾಕಬಹುದಾದ್ದು.

"ನಾಳೆ ನನ್ನ ಬದಲು ನೀನು ಹೋಗು ಅಂದ್ರೆ ನಿರ್ದೇಶಕರಿಗೆ ಏನಂತ ಹೇಳ್ತೀಯ?"

"ಅವರು ಆಗಲೇ ಫೋನ್ ಮಾಡಿದ್ರು," ಅಂದ ಅವನು. "ಸೀಟು ಖಾಲಿ ಬಿಡಕ್ಕಾಗಲ್ವಂತೆ. ನಾನು ಬೇಡ ಅಂದ್ರೆ ಇನ್ಯಾರೋ ಹೋಗ್ತಾರೆ."

"ಹೋಗ್ಲಿ."

"ಹುಚ್ಚುಚ್ಚಾಗಿ ಆಡ್ಬೇಡ. ಅದರಿಂದ ನಿನಗೇನು ಬಂತು?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ಅವಳ ತುತ್ತನ್ನು ಅವನೇ ಉಂಡ. ಹದಿನೈದು ದಿನದಲ್ಲೇ ಹೊರಟ. ಅತ್ತೆ ಮಗನಿಗೆ ಹೋಗಿ ಬಾ ಅನ್ನಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದರು.

ಅವನಿಲ್ಲದಾಗ ಕಾಲೇಜು ಹುಡುಗ ಹುಡುಗಿಯರಿಗೆ ಸಂಸ್ಥೆಯಲ್ಲಿ ಒಂದು ಕಾರ್ಯಕ್ರಮವಿತ್ತು. ಹಿಮವಿಜ್ಞಾನದಲ್ಲಿ ಏನೇನು ಅವಕಾಶ, ಯಾವ ಓದು ಓದಿದರೆ ಎಲ್ಲಿ ಕೆಲಸ ಅಂತ ಹೇಳುವುದು. ಪ್ರತಿವರ್ಷ ಅವನು ಮಾತಾಡುತ್ತಿದ್ದ. ಈ ಸಲ ಮಾತಾಡಲು ಅವಳನ್ನು ನಿಲ್ಲಿಸಿದರು. ಅವನ ಚಿತ್ರಗಳನ್ನೇ ಪರದೆಯ ಮೇಲೆ ತೋರಿಸುತ್ತ ಅವಳು ಎಲ್ಲ ಹೇಳಿದಳು. ಮುಂದಿನ ಸಾಲಿನ ಒಬ್ಬ ಹುಡುಗಿ ಕೈಯೆತ್ತಿದಳು.

"ಮೇಡಂ, ಇದರಲ್ಲಿ ನೀವು ಯಾರು?"

"ನಾನು ಇದರಲ್ಲಿಲ್ಲ. ನಾನು ಹೋಗಿಲ್ಲ."

"ಯಾಕೆ ಮೇಡಂ?"

ಪಕ್ಕದಲ್ಲಿ ಕೂತಿದ್ದ ನಿರ್ದೇಶಕರು ಕೆಮ್ಮಿದರು.

"ಮುಂದಿನ ಸಲ ಹೋಗ್ತೀನಿ ಅಂತ ಒಪ್ಪಿಕೊಂಡೆ," ಅಂದಳು ಅವಳು. "ನೀವು ಒಪ್ಪಿಕೋಬೇಡಿ. ಬಂದಿದ್ದು ಈ ಸಲ ಆದ್ರೆ ಈ ಸಲವೇ ಹೋಗಿ. ಮನೆ ಏನೂ ಮುಳುಗಿಹೋಗಲ್ಲ."

ಯಾರೋ ಒಬ್ಬಿಬ್ಬರು ಚಪ್ಪಾಳೆ ತಟ್ಟಿ, ಉಳಿದವರು ತಟ್ಟದ್ದು ನೋಡಿ ನಿಲ್ಲಿಸಿದರು.

ಅದಾದ ವಾರದಲ್ಲಿ ಅವನ ಫೋನು ಬಂತು. ದನಿ ಒಡೆದು ಒಡೆದು ಕೇಳುತ್ತಿತ್ತು. ಮೂರು ಕಡೆ ಗುರುತು ಹಾಕಿದ್ದಾರೆ, ಒಂದೇ ಕಡೆ ಕೊರೆಯಲು ಹೊತ್ತಿದೆ, ಬೂದಿಗೆರೆ ಎಲ್ಲಿ ಸಿಗಬಹುದು ಹೇಳು ಅಂದ. ಅವಳಿಗೆ ಗೊತ್ತಿತ್ತು. ಅಲ್ಲಿಯ ಹಿಮದ ನಕ್ಷೆ ನೋಡಿದ ದಿನವೇ ಗೊತ್ತಿತ್ತು.

"ಫೋನನ್ನ ನಿಮ್ಮ ಮುಖ್ಯಸ್ಥೆಗೆ ಕೊಡು," ಅಂದಳು.

"ನನಗೇ ಹೇಳು, ನಾನು ಹೇಳ್ತೀನಿ."

"ಕೊಡು ಅಂದೆ."

ಮುಖ್ಯಸ್ಥೆಗೆ ಅವಳು ಜಾಗ ಹೇಳಿದಳು, ಕಾರಣ ಹೇಳಿದಳು. ಆಮೇಲೆ ಇದು ತನ್ನ ಕೆಲಸ, ಪೇಪರಿನಲ್ಲಿ ತನ್ನ ಹೆಸರೇ ಮುಂದೆ ಬರಬೇಕು ಅಂದಳು. ಆ ಕಡೆಯಿಂದ, ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅನ್ನುವ ಪ್ರಶ್ನೆ ಬಂತು. ಅವಳು ಕೊರೆಯುವ ಜಾಗವನ್ನು ಇನ್ನೊಮ್ಮೆ ಹೇಳಿ ಫೋನಿಟ್ಟಳು.

ಗೆರೆ ಅಲ್ಲೇ ಸಿಕ್ಕಿತು. ಹೆಸರೂ ಮುಂದೆ ಬಂತು. ಬೆರಳು ಮಾತ್ರ ಸರಿಹೋಗಲಿಲ್ಲ. ಬೆಳಗಿನ ಹೊತ್ತು ಕುಪ್ಪಸದ ಹುಕ್ಕು ಹಾಕಲು ಮಗಳನ್ನು ಕರೆಯಬೇಕು. ಕೋಲ್ಡ್ ರೂಮಿನ ಕೆಲಸ ಬೇರೆಯವರಿಗೆ ಹೋಯಿತು. ಅವರು ಅಷ್ಟು ಹೊತ್ತು ಒಳಗೆ ನಿಲ್ಲುವುದಿಲ್ಲ, ಅವರಿಗೆ ಅಷ್ಟು ಕಾಣುವುದೂ ಇಲ್ಲ.

ಅವನು ಬಂದ. ಅವಳು ಅತ್ತೆಯ ಕೋಣೆಯಲ್ಲಿ ಹಾಸಿಗೆ ಹಾಕಿಕೊಂಡಿದ್ದಳು. ಮನೆ ಬಿಟ್ಟುಹೋಗುವ ಯೋಚನೆ ಬರಲಿಲ್ಲ ಅಂತಲ್ಲ. ಆದರೆ ಅತ್ತೆಯನ್ನು ಎಬ್ಬಿಸಿ ಕೂರಿಸಲು ಇಬ್ಬರು ಬೇಕಾಗುತ್ತಿತ್ತು.

ಒಂದು ದಿನ ತಿಂಡಿ ತಿನ್ನುವಾಗ ಅವನು, "ಎಷ್ಟು ದಿನ ಹೀಗೆ? ಇನ್ನಾದ್ರೂ ಮಾತಾಡು," ಅಂದ.

"ಮಾತಾಡ್ತಿದ್ದೀನಲ್ಲ," ಅಂದಳು ಅವಳು. "ಅತ್ತೆಗೆ ಮಾತ್ರೆ ಕೊಟ್ಟಾಯ್ತಾ?"